ಕಾಲು ಎಲ್ಲೈತ್ರಿ?

ಅಣ್ಣಿಗೇರಿ ದಾಟಿದ ಮ್ಯಾಲ ಒಂದು ಕಡೆ
ಹೊಲದಿಂದ ಟ್ರ್ಯಾಕ್ಟರ್ ಏರಿ ಬಂದ ಗುರುತು:
ಡಾಂಬರಿನ ಮ್ಯಾಲ ಎರಿಮಣ್ಣಿನ ಎರಡು ಸಾಲು,
ಗಾಲಿ ಹಲ್ಲಿನ ಅಚ್ಚು ಒಂದೊಂದೂ ಎಣಿಸೂ ಹಂಗ.
ಅದರ ಮ್ಯಾಲ ರೋಹಿಣಿ ಮಳಿ, ಬರೇ ಹತ್ತು ನಿಮಿಷದ್ದು.
ತೊಳಿಯುವಷ್ಟು ಅಲ್ಲ,
ಕಲಸುವಷ್ಟು.

ಗದಗಿನಾಗ ಒಂಬತ್ತಕ್ಕ ಪಿತ್ತಕೋಶದ ಆಪರೇಷನ್.
ಹುಬ್ಬಳ್ಳಿ ಬಿಟ್ಟಾಗ ಏಳೂವರಿ.
ಕಾರು ಮೂರು ವಾರದ್ದು, ಸೀಟಿನ ಪ್ಲಾಸ್ಟಿಕ್ ವಾಸನಿ ಇನ್ನೂ ಹೋಗಿಲ್ಲ.
ಸ್ಟೇರಿಂಗಿನ ಮ್ಯಾಲಿನ ಗುಂಡಿ ಒತ್ತಿ
ಎಂಬತ್ತು ಅಂದೆ.
ಎಂಬತ್ತು ಅಂತು.
ಚಪ್ಪಲಿ ಬಿಚ್ಚಿ, ಬಲಗಾಲು ಮಡಚಿ ಎಳಕೊಂಡು
ತವರುಮನಿ ಕಟ್ಟಿ ಮ್ಯಾಲ ಕೂತಂಗ ಕೂತೆ.

ನನ್ನ ಕೆಲಸ ಮಂದೀನ ಮಲಗಸೂದು,
ಅವರು ಏಳೂ ತನಕ ಅವರ ಉಸಿರು ಕಾಯೂದು.
ಯಂತ್ರ ಅದ. ನಿಮಿಷಕ್ಕ ಹನ್ನೆರಡು ಅಂದ್ರ ಹನ್ನೆರಡು.
ಆದರೂ ಇಪ್ಪತ್ತೊಂದು ವರ್ಷದಾಗ ಒಂದು ದಿನಾನೂ
ಸ್ಟೂಲು ಬಿಟ್ಟು ಚಹಾಕ್ಕ ಹೋದವಳಲ್ಲ.
ಇದು ನನಗ ಕಾರಿನಾಗ ನೆನಪಾಗಲಿಲ್ಲ.

ಬಾಜೂಕ ಹುಸೇನಸಾಬ ನದಾಫ, ಥಿಯೇಟರ್ ಅಟೆಂಡರ್,
ತೊಡಿ ಮ್ಯಾಲ ಔಷಧದ ಪೆಟ್ಟಿಗಿ.
ಮೊದಲ ನಲವಡಿಯೊಳಗ ಟ್ರ್ಯಾಕ್ಟರ್ ಹೊಡಿತಿದ್ದ.
ಆ ಎರಡು ಸಾಲು ನೋಡಿದ. ನನ್ನ ನೋಡಿದ.
ಬಗ್ಗಿ ಕೆಳಗ ನೋಡಿದ.
"ಡಾಕ್ಟರ್ರೆ, ನಿಮ್ಮ ಕಾಲು ಎಲ್ಲೈತ್ರಿ?"

ಕೇಳಿ ಮುಗಿಸೂದರಾಗ ತಗ್ಗು ಬಂತು.
ನಿಂತ ನೀರು ಹಿಡೀತು, ಕಾರು ಒಂದಿಷ್ಟು ಹಿಂದ ಜಗ್ಗಿತು.
ಯಂತ್ರಕ್ಕ ಕೆಸರು ಅಂದ್ರೇನು ಗೊತ್ತು?
ಎಂಬತ್ತರಾಗ ನಾಕು ಕಡಿಮಿ ಬಿತ್ತು, ಅಷ್ಟ ಅದರ ಲೆಕ್ಕ.
ಬಾಕಿ ವಸೂಲಿಗೆ ಬಂದವರಂಗ
ಇನ್ನಷ್ಟು ಒತ್ತಿತು.
ಗುರ್ ಅಂತು ಎಂಜಿನ್. ಗಾಲಿ ಓಡಿತು, ಕಾರು ಓಡಲಿಲ್ಲ,
ಎಣ್ಣಿ ಹಂಚಿನ ಮ್ಯಾಲ ಥಾಲಿಪೆಟ್ಟು ಜಾರಿದಂಗ
ಮೂತಿ ಎಡಕ್ಕ ಹೊಳ್ಳಿತು.

ಮಡಚಿದ ಕಾಲಿಗೆ ಜೋಮು ಹಿಡಿದಿತ್ತು.
ಪೆಡಲ್ ಎಲ್ಲಿ, ಕಾಲು ಎಲ್ಲಿ,
ಎರಡೂ ಯಾರದೋ ಅನ್ನುವಂಗ ಹುಡುಕಿದೆ.
"ಬ್ರೇಕ್ ತುಳೀಬ್ಯಾಡ್ರಿ! ಆ ಗುಂಡಿ, ಆ ಗುಂಡಿ ಆರಸ್ರಿ!"
ಹೆಬ್ಬೆರಳು ಹೆಂಗ ಹೋತು ಗೊತ್ತಿಲ್ಲ.
ಎಂಬತ್ತು ಆರಿತು.
ಎದುರಿಗೆ ಲಾರಿ ಇರಲಿಲ್ಲ. ಅದು ನನ್ನ ಜಾಣತನ ಅಲ್ಲ.

ಹರಗಿದ ಹೊಲದ ಕಡೆ ಮೂತಿ ಮಾಡಿ ನಿಂತಿವಿ.
ವೈಪರ್ ಸುಮ್ಮನ ಆಡಲಿಕ್ಹತ್ತಿತ್ತು.
ಹುಸೇನಸಾಬ ಪೆಟ್ಟಿಗಿ ತಗದು ಆಂಪೂಲ್ ಎಣಿಸಿದ.
ಒಂದೂ ಒಡದಿಲ್ಲ ಅಂದ.
ಆಮ್ಯಾಲ ಇಳಿದು, ರಸ್ತಾದ ಮಣ್ಣು
ಬೆರಳಿನಾಗ ತಿಕ್ಕಿ ನೋಡಿದ. ನಾನೂ ಇಳಿದೆ, ಬರಿಗಾಲಲೆ.
"ಕೆಸರಿನಾಗ ನಡಿವಾಗ ಉಂಗುಟ ನೆಲಾ ಕಚ್ಚತೈತಲ್ರಿ,
ನಾವು ಹೇಳೂದಕಿಂತ ಮೊದಲ?
ಇದಕ್ಕ ಉಂಗುಟ ಇಲ್ರಿ."

ಗದಗಿನ ತನಕ ನಲವತ್ತು.
ಹಿಂದಿನವರು ಹಾರ್ನ್ ಹೊಡದ್ರು, ಹೊಡೀಲಿ.
ಪೆಡಲಿನ ರಬ್ಬರ್ ಗೆರಿ ಪಾದಕ್ಕ ಒತ್ತಿ
ಅಂಗಾಲಿನಿಂದ ರಸ್ತಾ ಓದಿಕೋತ ಹೋದೆ:
ಇಲ್ಲಿ ಜಾರು, ಇಲ್ಲಿ ಉಸುಕು,
ಇದು ಬರೇ ನೀರು, ಹೆದರಬ್ಯಾಡ.

ಒಂಬತ್ತೂ ಇಪ್ಪತ್ತಕ್ಕ
ಕೋಟುಮಚಗಿಯ ರೇಣವ್ವ, ಹತ್ತು ಎಣಿಸು ಅಂದ್ರ
ಆರಕ್ಕ ಮಲಗಿದಳು.
ಟ್ಯೂಬ್ ಹಾಕಿ, ಯಂತ್ರಕ್ಕ ಕೊಡೂ ಮೊದಲ
ಉಸಿರಿನ ಚೀಲ ಅಂಗೈಯಾಗ ಹಿಡಿದೆ.
ಹಿಚುಕಿದೆ. ತಿರುಗಿ ತುಂಬಿತು.
ಮೆತ್ತಗದ ಈಕಿ ಎದಿ, ಅಡ್ಡಿ ಇಲ್ಲ.
ಇನ್ನೊಂದು ಸಲ ಹಿಚುಕಿದೆ, ಮತ್ತೊಂದು.
ಸರ್ಜನ್ ಗಡಿಯಾರ ನೋಡಿದ್ರು.
ಹುಸೇನಸಾಬ ಕೆಳಗ ನೋಡಿದ:
ಎರಡು ಸಲ ತೊಳದ್ರೂ ಉಂಗುಟದ ಉಗುರಿನ ಸಂದಿಗೆ
ಎರಿಮಣ್ಣಿನ ಒಂದು ಕರೀ ಗೆರಿ.

ಯಂತ್ರ ಹಚ್ಚಿದೆ. ಹನ್ನೆರಡು ಅಂದೆ.
ಹನ್ನೆರಡು ಅಂತು.
ಸ್ಟೂಲು ಇನ್ನಷ್ಟು ಹತ್ರ ಎಳಕೊಂಡೆ.